ರುಚಿ ನೋಡದ ಕೈ

ಸ್ಫಾಕ್ಸ್
ಜುಲೈ 3, 1974

ನನ್ನ ದೂಜಾ,

ನೀನೂ ಮಬ್ರೂಕನೂ ಮಕ್ಕಳೂ ಸುಖವಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಯಾರಿಗಾದರೂ ಜ್ವರವಿದ್ದರೆ ಈ ಕಾಗದವನ್ನು ಮಡಚಿಟ್ಟು, ವಾಸಿಯಾದ ಮೇಲೆ ಓದು. ಇದು ಖುಷಿಯ ಕಾಗದ. ನಿನ್ನ ಅಕ್ಕನಿಗೆ ಇಂಥ ಖುಷಿ ಆಗಿ ಹದಿನಾರು ವರ್ಷವಾಗಿತ್ತು.

ನಿನ್ನೆ ಬೇಯಾ ನಮ್ಮ ಮನೆಗೆ ಬಂದಿದ್ದಳು.

ಹೌದು, ಅದೇ ಬೇಯಾ, ನನ್ನ ವಾರಗಿತ್ತಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಮೂರೇ ಬಾಗಿಲು. ಇಷ್ಟು ವರ್ಷದಲ್ಲಿ ಅವಳು ಆ ಮೂರು ಬಾಗಿಲು ದಾಟಿ ಬಂದದ್ದು ಎರಡೇ ಸಲ, ಎರಡು ಸಲವೂ ನಮ್ಮಲ್ಲಿ ಯಾರೋ ಸತ್ತಿದ್ದರು. ಹಾಗಾಗಿ ಬಾಗಿಲು ತೆಗೆದವಳೇ ಕೇಳಿದೆ: "ಯಾರು ಹೋದರು?"

"ಯಾರೂ ಹೋಗಿಲ್ಲ ಅಕ್ಕ. ಒಳಗೆ ಬರಲಾ?"

"ಬಂದಾಯ್ತಲ್ಲ."

ಕೂತಳು. ಕೈಯೆರಡನ್ನೂ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು. ನಾನು ನೋಡಬಾರದು ಅಂತ ಮುಚ್ಚಿದ್ದಳೋ, ಕೇಳಲಿ ಅಂತ ಮುಚ್ಚಿದ್ದಳೋ ಗೊತ್ತಿಲ್ಲ. ಆಮೇಲೆ ತಾನೇ ತೆಗೆದು ತೋರಿಸಿದಳು. ಬೆರಳ ಗೆಣ್ಣುಗಳು ನೆನೆಸಿಟ್ಟ ಕಡಲೆಯ ಹಾಗೆ ಊದಿವೆ. ಸೌಟು ಹಿಡಿಯಲಾಗುವುದಿಲ್ಲವಂತೆ. ಅವಳ ಮಗಳು ಸಲ್ವಾಗೆ ಗಂಡು ಗೊತ್ತಾಗಿದೆಯಂತೆ. ಗಂಡು ಯಾರು ಗೊತ್ತೇ? ರಿದಾ. ಹಾಜ್ಜಾ ಶೆಲ್ಬಿಯಾಳ ಕೊನೆಯ ಮಗ. ನಿನ್ನನ್ನು ಬೇಡ ಅಂದ ನೂರಿಯ ತಮ್ಮ!

ಮಿಕ್ಕದ್ದು ನಿನಗೆ ಹೇಳಬೇಕಾಗಿಲ್ಲ. ನೀನು ಈಗ ದ್ವೀಪದವಳಾಗಿರಬಹುದು, ಹುಟ್ಟಿದ್ದು ಸ್ಫಾಕ್ಸ್‌ನಲ್ಲಿ. ಹೆಣ್ಣು ಗೊತ್ತಾದ ವರ್ಷದ ರಮದಾನ್ ಹಬ್ಬಕ್ಕೆ ಹುಡುಗಿಯ ತಾಯಿಯ ಮನೆಯಿಂದ ಉಪ್ಪುಮೀನೂ ಚರ್ಮುಲಾ ಗೊಜ್ಜೂ ಗಂಡಿನ ಮನೆಗೆ ಹೋಗಬೇಕು. ಅದನ್ನು ತಿಂದು ಗಂಡಿನ ತಾಯಿ ಮದುವೆಯ ದಿನ ಹೇಳಬೇಕು. ಹಾಜ್ಜಾ ಶೆಲ್ಬಿಯಾಳ ನಾಲಿಗೆ ಎಂಥದ್ದೆಂದು ಊರಿಗೇ ಗೊತ್ತು. ಬೇಯಾಳ ಚರ್ಮುಲಾ ಎಂಥದ್ದೆಂಬುದು ಈ ಮನೆತನಕ್ಕೆ ಗೊತ್ತು. ಹದಿನಾರು ವರ್ಷದಿಂದ ನಾವೆಲ್ಲ ಹಬ್ಬದ ಬೆಳಿಗ್ಗೆ ಅದನ್ನು ದೇವರ ಹೆಸರು ಹೇಳಿ ನುಂಗುತ್ತಿದ್ದೇವೆ.

"ನೀನು ಮಾಡಿಕೊಡ್ಬೇಕು ಅಕ್ಕ," ಅಂದಳು. "ನನ್ನ ಮಗಳ ಮುಖ ನೋಡಿ."

"ಯೋಚನೆ ಮಾಡಿ ಹೇಳ್ತೀನಿ," ಅಂದೆ. ಯೋಚನೆ ಮಾಡುವುದೇನಿತ್ತು? ಅವಳು ಬಾಗಿಲು ದಾಟುವ ಮೊದಲೇ ಎಲ್ಲ ಯೋಚಿಸಿಯಾಗಿತ್ತು.

ನೀನು ಮರೆತಿದ್ದೀಯೇನೋ ಎಂಬ ಅನುಮಾನಕ್ಕೆ ಬರೆಯುತ್ತೇನೆ. ಹದಿನಾರು ವರ್ಷದ ಹಿಂದೆ, ಆ ವರ್ಷ ಮನೆತನದ ಹಬ್ಬದ ಅಡುಗೆ ನನ್ನದು. ಈರುಳ್ಳಿ, ಒಣದ್ರಾಕ್ಷಿ ಮೂರು ದಿನ ಬೆಂದು ಕಪ್ಪಗಾಗುವ ಆ ಗೊಜ್ಜನ್ನು ಉಪವಾಸದ ಹೊಟ್ಟೆಯಲ್ಲಿ, ಬರೀ ಮೂಗಿನ ನಂಬಿಕೆಯಲ್ಲಿ ಮಾಡಬೇಕು. ಗಂಡ ಮುಂಗೋಪಿಯಾದರೆ ಹೆಂಡತಿ ನಾಲಿಗೆ ತುದಿಗೆ ಇಟ್ಟು ಉಗುಳಬಹುದು ಅಂತ ದೊಡ್ಡವರು ಹೇಳುತ್ತಾರೆ. ನನ್ನ ತಿಜಾನಿ ಕುರಿಯಂಥ ಮನುಷ್ಯ, ನನಗೆ ಆ ರಿಯಾಯಿತಿಯೂ ಇರಲಿಲ್ಲ. ಮನೆತನದ ಮಕ್ಕಳಿಗೆ ಕೊಟ್ಟು ಕೇಳಿದರೆ ಅವರಿಗೆ ಸಿಹಿ ಒಂದೇ ಗೊತ್ತು. ಆದರೂ ಆ ವರ್ಷ ಅದು ಎಷ್ಟು ಚೆನ್ನಾಗಿ ಬಂದಿತ್ತು! ಏಳು ಮನೆಗೆ ತಟ್ಟೆ ಕಳಿಸಿದೆ. ಏಳು ತಟ್ಟೆಯೂ ಮುಚ್ಚಿದ ಬಟ್ಟೆ ಸಮೇತ, ಬೆರಳೂ ಅದ್ದದೆ ವಾಪಸು ಬಂದವು. ನಾನು, ತುರ್ಕಿಯಾ, ಉಪವಾಸದ ನಡುಹಗಲಲ್ಲಿ ಸೌಟು ನೆಕ್ಕಿದ್ದನ್ನು ಬೇಯಾ ಕಣ್ಣಾರೆ ಕಂಡಳಂತೆ, ರುಚಿ ನೋಡದೆ ಇಷ್ಟು ಚೆನ್ನಾಗಿ ಬರಲು ಸಾಧ್ಯವೇ ಅಂತ. ಚೆನ್ನಾಗಿ ಮಾಡಿದ್ದೇ ನನ್ನ ತಪ್ಪಿಗೆ ಸಾಕ್ಷಿಯಾಯಿತು. ಏಳನೆಯ ತಟ್ಟೆಯ ಜೊತೆ ನಿನಗೆ ನೂರಿಯ ಉಂಗುರ ತೊಡಿಸಲು ಅವರು ಕೊಟ್ಟಿದ್ದ ಮಾತೂ ವಾಪಸು ಬಂತು. ಉಪವಾಸ ಮುರಿದವಳು ಸಾಕಿದ ಹುಡುಗಿ ಬೇಡ ಅಂದಳು ಶೆಲ್ಬಿಯಾ.

ಅಮ್ಮ ಸತ್ತಾಗ ನಿನಗೆ ನಾಲ್ಕು ವರ್ಷ. ನಿನ್ನ ಶಾಲೆಯ ಹಲಗೆಯ ಮೇಲೆ ನಿನ್ನ ಜೊತೆಗೇ ನಾನೂ ಅಕ್ಷರ ಕಲಿತೆ. ನಿನಗೊಂದು ಒಳ್ಳೆಯ ಮನೆ ನೋಡಿದ್ದೆ. ಅದು ಹೋಯಿತು. ಕೊನೆಗೆ ಆಕ್ಟೋಪಸ್ ಹಿಡಿಯುವವನೊಬ್ಬ ಕೇಳಿದ, ಅಳುತ್ತಾ ಕೊಟ್ಟೆ. ಮಬ್ರೂಕ ಒಳ್ಳೆಯವನೇ, ಅವನಿಗೆ ಇದನ್ನು ಓದಿ ಹೇಳಬೇಡ.

ಈ ಹಬ್ಬಕ್ಕೆ ಅಡುಗೆ ನನ್ನದು ದೂಜಾ. ನೋಡುತ್ತಿರು.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ತುರ್ಕಿಯಾ


ರಮ್ಲಾ, ಕರ್ಕೆನ್ನಾ ದ್ವೀಪ
ಜುಲೈ 19, 1974

ಅಕ್ಕನಿಗೆ ದೂಜಾಳ ನಮಸ್ಕಾರ.

ಇಲ್ಲಿ ಯಾರಿಗೂ ಜ್ವರವಿಲ್ಲ. ದೊಡ್ಡವನು ಅಪ್ಪನ ಜೊತೆ ದೋಣಿಗೆ ಹೋಗುತ್ತಾನೆ. ಚಿಕ್ಕವಳು ನಿನ್ನ ಹಾಗೆಯೇ, ತಪ್ಪು ತನ್ನದಾದರೂ ಎದುರಿನವರಿಂದ ಕ್ಷಮೆ ಕೇಳಿಸುತ್ತಾಳೆ.

ನಿನ್ನ ಕಾಗದ ಓದಿ ಎರಡು ದಿನ ಏನು ಬರೆಯಬೇಕೆಂದು ತೋಚಲಿಲ್ಲ. ಬೇಯಾಳ ಕೈ ಅಷ್ಟು ಕೆಟ್ಟಿದೆಯೇ? ಮೊದಲು ಎಷ್ಟು ಸಣ್ಣ ಕೈ ಅವಳದು. ನನಗೆ ಜಡೆ ಹಾಕುತ್ತಿದ್ದಳು, ನಿನಗೆ ನೆನಪಿಲ್ಲದಿರಬಹುದು.

ಮಾಡಿಕೊಡು ಅಕ್ಕ. ಸುಮ್ಮನೆ ಮಾಡಿಕೊಡು. ಅವಳ ಅಡುಗೆಮನೆಗೆ ಹೋಗಿ ಮಾಡಿ, ಕೈ ತೊಳೆದುಕೊಂಡು ಬಂದುಬಿಡು. ನೀನು ನನಗೋಸ್ಕರ ಸಿಟ್ಟು ಇಟ್ಟುಕೊಂಡಿದ್ದರೆ ಅದನ್ನು ಇಳಿಸಿಬಿಡು, ನನಗೆ ಅದರ ಅಗತ್ಯವಿಲ್ಲ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು ಎಂದೂ ನಂಬುವುದಿಲ್ಲ, ಆದರೆ ಮೊದಲ ದಿನದಿಂದಲೂ ಚೆನ್ನಾಗಿದ್ದೇನೆ.

ಸಲ್ವಾಗೆ ಇಪ್ಪತ್ತಾಯಿತೇ? ನಾನು ಅಲ್ಲಿಂದ ಬಂದಾಗ ಅವಳು ನಿನ್ನ ಸೆರಗು ಹಿಡಿದುಕೊಂಡು ಓಡಾಡುತ್ತಿದ್ದಳು.

ನಿನ್ನ ದೂಜಾ


ಸ್ಫಾಕ್ಸ್
ಆಗಸ್ಟ್ 11, 1974

ನನ್ನ ದೂಜಾ,

ನಿನ್ನ ಒಳ್ಳೆಯತನ ನನಗೆ ಗೊತ್ತಿದ್ದದ್ದೇ. ಅಮ್ಮನೂ ಹೀಗೇ ಇದ್ದಳು, ಅದಕ್ಕೇ ಬೇಗ ಹೋದಳು. ನೀನು ಕ್ಷಮಿಸು, ನಿನಗೆ ಪುಣ್ಯ ಬರಲಿ. ನನಗೆ ನನ್ನ ಏಳು ತಟ್ಟೆ ಸಾಕು.

ಬೇಯಾಳಿಗೆ ನನ್ನ ಷರತ್ತು ಹೇಳಿ ಬಂದೆ. ಮೊದಲನೆಯದು, ಅಡುಗೆ ಅವಳ ಒಳಮನೆಯಲ್ಲಲ್ಲ, ಅಂಗಳದಲ್ಲಿ. ಉಪವಾಸದ ಕೊನೆಯ ಮೂರು ದಿನ, ಹಗಲು ಬೆಳಕಿನಲ್ಲಿ. ಆ ಏಳು ಮನೆಯ ಹೆಂಗಸರನ್ನೂ ಅವಳೇ ಹೋಗಿ ಕರೆಯಬೇಕು, ಚಾಪೆ ಹಾಸಬೇಕು. ಅವರ ಮುಂದೆ ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡುತ್ತೇನೆ. ಗಂಟು ಅವರಲ್ಲೇ ಯಾರಾದರೂ ಹಾಕಲಿ, ಸೂರ್ಯ ಮುಳುಗಿ ಉಪವಾಸ ಬಿಡುವ ತೋಪು ಹಾರಿದ ಮೇಲೆ ಅವರೇ ಬಿಚ್ಚಲಿ.

ಅವಳು ತಲೆ ಆಡಿಸಿದಳು.

ಎರಡನೆಯದು, ಹಬ್ಬದ ಬೆಳಿಗ್ಗೆ ತಟ್ಟೆಗಳನ್ನು ಅವಳೇ ಹೊರಬೇಕು. ಮಗಳಲ್ಲ, ಕೆಲಸದವಳಲ್ಲ. ಏಳು ಮನೆಯ ಬಾಗಿಲಲ್ಲೂ ನಿಂತು ಹೇಳಬೇಕು: "ಇದು ತುರ್ಕಿಯಾಳ ಕೈಯಡುಗೆ. ಹದಿನಾರು ವರ್ಷದ ಹಿಂದೆ ನಾನು ಹೇಳಿದ್ದು ಸುಳ್ಳು."

"ಏಳೂ ಮನೆಗಾ?" ಅಂದಳು.

"ಏಳೂ ಮನೆಗೆ."

"ಶೆಲ್ಬಿಯಾ ಮನೆಗೂ? ಅಕ್ಕ, ಅದು ನನ್ನ ಮಗಳು ಸೇರೋ ಮನೆ."

"ನನ್ನ ತಂಗಿ ಸೇರಬೇಕಾಗಿದ್ದ ಮನೆನೂ ಅದೇ."

ಏನೋ ಹೇಳಲು ಬಾಯಿ ತೆರೆದಳು. ಹೇಳು ನೋಡೋಣ, ಅಂತ ನಾನೂ ಕಾದೆ. ಒಂದು ಮಾತು ಎದುರಾಡಿದ್ದರೂ ನನಗೆ ಇನ್ನಷ್ಟು ಖುಷಿಯಾಗುತ್ತಿತ್ತು. "ಆಯ್ತು ಅಕ್ಕ, ಹೇಳ್ತೀನಿ," ಅಂದಳು, ಅಷ್ಟೇ. ಕಳ್ಳತನ ಸಿಕ್ಕಿಬಿದ್ದವರು ಹೀಗೇ ಮೆತ್ತಗಾಗುತ್ತಾರೆ.

ಈಗ ಕೆಲಸದ ಮಾತು. ಮೀನು ನಿಮ್ಮಲ್ಲಿಯದೇ ಆಗಬೇಕು. ಬಂಡೆಸಂದಿನ ಆ ದೊಡ್ಡ ತಲೆಯ ಮೀನು ಆರು, ಬೆನ್ನು ಸೀಳಿ ಈಗಲೇ ಉಪ್ಪಿನಲ್ಲಿಡಲು ಮಬ್ರೂಕನಿಗೆ ಹೇಳು. ಬಿಸಿಲಿಗೆ ಹಾಕಿದಾಗ ನೊಣ ಕೂರದ ಹಾಗೆ ನೀನೇ ನಿಂತು ನೋಡು. ಈರುಳ್ಳಿಯನ್ನು ನಾನು ಆಗಲೇ ಗೊತ್ತು ಮಾಡಿದ್ದೇನೆ, ಕೆಂಪು, ಚಪ್ಪಟೆ, ನೀರು ಕಡಿಮೆಯದು. ದ್ರಾಕ್ಷಿ ಕಪ್ಪು, ಬೀಜ ಇರುವುದು. ಬೀಜ ಇಲ್ಲದ ದ್ರಾಕ್ಷಿಗೆ ಸಿಹಿ ಇದೆ, ಬುದ್ಧಿ ಇಲ್ಲ. ದಾಲ್ಚಿನ್ನಿ, ಲವಂಗ, ಒಣಗಿದ ಗುಲಾಬಿ ಮೊಗ್ಗು ಎಲ್ಲ ನಾನೇ ಕುಟ್ಟುತ್ತೇನೆ. ಮನೆತನದವರೇ ನಲವತ್ತು ಜನ, ಅದರ ಮೇಲೆ ಏಳು ತಟ್ಟೆ. ತಿಜಾನಿ ಮೆಟ್ಟು ಹೊಲಿಯುತ್ತಾ ಕೂತಲ್ಲಿಂದಲೇ ಕೇಳಿದರು, "ಮೂರು ದಿನ ಬಾಯಿ ಕಟ್ಕೋತೀಯಾ? ಬೇಯಾ ಹದಿನಾರು ವರ್ಷದ ಹಿಂದೇನೇ ಈ ಉಪಕಾರ ಮಾಡಬಾರದಿತ್ತಾ?" ಕುರಿಯಂಥ ಮನುಷ್ಯ ಅಂತ ಬರೆದಿದ್ದೆನಲ್ಲ, ಹೊಡೆದು ಹಾಕು.

ಎಂದೂ ನಿನ್ನವಳೇ ಆದ
ತುರ್ಕಿಯಾ


ರಮ್ಲಾ
ಸೆಪ್ಟೆಂಬರ್ 22, 1974

ಅಕ್ಕನಿಗೆ,

ಉಪವಾಸ ಶುರುವಾಗಿ ವಾರವಾಗುತ್ತಾ ಬಂತು. ಮೀನು ಇವತ್ತಿನ ಹಡಗಿನಲ್ಲಿ ಕಳಿಸಿದ್ದೇನೆ. ನೀನು ಆರು ಕೇಳಿದ್ದೆ, ಎಂಟು ಇವೆ. ಮಬ್ರೂಕ ಹೇಳಿದ, "ನಿನ್ನ ಅಕ್ಕನಿಗೆ ಕಮ್ಮಿ ಬಿತ್ತು ಅಂದರೆ ಅದಕ್ಕೂ ಹದಿನಾರು ವರ್ಷ ಸಿಟ್ಟು ಇಟ್ಕೋತಾಳೆ." ನಾಲ್ಕು ಸಲ ನೀರು ಬದಲಾಯಿಸಿ ನೆನೆಸು, ಈ ಸಲ ಉಪ್ಪು ಬಿಗಿಯಾಗಿದೆ.

ಅಕ್ಕ, ಏಳನೆಯ ಮನೆಯೊಂದನ್ನು ಬಿಟ್ಟುಬಿಡು. ಆರು ಸಾಲದೇ? ನಿನ್ನ ಕಾಲಿಗೆ ಬೀಳುತ್ತೇನೆ. ಗಂಡಿನ ಮನೆಯ ಬಾಗಿಲಲ್ಲಿ ನಿಂತು ಹೆಣ್ಣಿನ ತಾಯಿ ತಾನು ಸುಳ್ಳಿ ಅಂದರೆ ಆ ಹುಡುಗಿಯ ಗತಿ ಏನಾಗುತ್ತದೆಂದು ನಿನಗೆ ಗೊತ್ತಿಲ್ಲವೇ? ಗೊತ್ತಿದ್ದೇ ಮಾಡುತ್ತಿದ್ದೀಯಾ?

ಇದರ ಕೆಳಗೆ ನಾಲ್ಕು ಸಾಲು ಬರೆದು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ನೋಡಬೇಡ, ಎರಡು ಸಲ ಹೊಡೆದಿದ್ದೇನೆ.

ದೂಜಾ


ಸ್ಫಾಕ್ಸ್
ಹಬ್ಬದ ಮೂರನೇ ದಿನ, ಅಕ್ಟೋಬರ್ 1974

ನನ್ನ ದೂಜಾ,

ಆಯಿತು. ಎಲ್ಲ ಆಯಿತು. ನೀನು ಇದ್ದು ನೋಡಬೇಕಿತ್ತು.

ಮೊದಲ ದಿನ ಬೆಳಿಗ್ಗೆ ಅವಳ ಅಂಗಳದಲ್ಲಿ ಹದಿನೈದು ಹೆಂಗಸರು. ಏಳು ಮನೆಯವರನ್ನು ಕರೆದರೆ ಹದಿನೈದು ಜನ ಬರುವ ಊರು ಇದು. ಹಾಜ್ಜಾ ಶೆಲ್ಬಿಯಾ ಮಾತ್ರ ಸೊಸೆಯನ್ನು ಕಳಿಸಿದ್ದಳು, ತಾನು ಬರಲಿಲ್ಲ. ಗಿರಣಿ ಮನೆಯ ಖಮೀಸಾ ನನ್ನ ಬಾಯಿಗೆ ಬಟ್ಟೆ ಕಟ್ಟಿದಳು. ಎಷ್ಟು ಬಿಗಿಯಾಗಿ ಕಟ್ಟಿದಳೆಂದರೆ ಅವಳಿಗೆ ನನ್ನ ಮೇಲೆ ಬೇರೆ ಏನೋ ಕೋಪ ಇರಬೇಕು. "ಬಿಗಿ ಆಯ್ತಾ ತುರ್ಕಿಯಾ?" ಅಂತ ಕೇಳುತ್ತಾಳೆ! ನಾನು ಹೇಗೆ ಹೇಳಲಿ?

ಇದ್ದಿಲ ಒಲೆ, ತಾಮ್ರದ ಹಂಡೆ, ನಾನು. ಈರುಳ್ಳಿ ಎಣ್ಣೆಯಲ್ಲಿ ಬಾಡುವಾಗ ಎಲ್ಲರ ಬಾಯೂ ನಡೆಯುತ್ತಿತ್ತು. ಸಂಜೆಯ ಹೊತ್ತಿಗೆ ಒಂದೊಂದೇ ನಿಂತಿತು. ಉಪವಾಸದ ಹೊಟ್ಟೆಗೆ ಆ ವಾಸನೆ ಬಡಿದರೆ ಮಾತು ಹೊರಡುವುದಿಲ್ಲ. ಎರಡನೇ ದಿನ ದ್ರಾಕ್ಷಿಯ ರಸ ಹೊಯ್ದೆ. ಉಪ್ಪು ಕಡಿಮೆಯಾದರೆ ಈರುಳ್ಳಿಯ ವಾಸನೆ ಹಸಿಹಸಿಯಾಗಿ ಮೂಗಿನ ತುದಿಯಲ್ಲೇ ನಿಲ್ಲುತ್ತದೆ, ಸರಿಯಾದರೆ ಗಂಟಲಿನವರೆಗೆ ಇಳಿಯುತ್ತದೆ. ಪಾಕ ಬಂದಾಗ ಗುಳ್ಳೆಯ ಸದ್ದು ದಪ್ಪವಾಗುತ್ತದೆ. ಇಷ್ಟೇ ನನ್ನ ವಿದ್ಯೆ. ಕಿವುಡಿ ಹನೀಫಾ ಮೂರನೇ ದಿನ ಜೋರಾಗಿ ಕೂಗಿ ಹೇಳಿದಳು: "ಇವಳು ನಾಲಿಗೆಯಲ್ಲಿ ನೋಡಲ್ಲ ಕಣ್ರೇ, ಕಿವಿಯಲ್ಲಿ ನೋಡ್ತಾಳೆ!" ಕಿವುಡಿಗೆ ಕಂಡದ್ದು ಬಾಕಿಯವರಿಗೆ ಕಾಣಲು ಹದಿನಾರು ವರ್ಷ ಬೇಕಾಯಿತು.

ಬೇಯಾ ಮೂರು ದಿನವೂ ಈರುಳ್ಳಿ ಸುಲಿದಳು. ಆ ಕೈಯಲ್ಲಿ. ನಾನು ಬೇಡ ಅನ್ನಲಿಲ್ಲ. ಬಾಯಿ ಕಟ್ಟಿತ್ತು ಅಂತ ನೆಪ ಹೇಳಬಹುದು, ಆದರೆ ಬಿಚ್ಚಿದ್ದಾಗಲೂ ಅನ್ನಲಿಲ್ಲ.

ಹಬ್ಬದ ಬೆಳಿಗ್ಗೆ ಗಂಡಸರು ನಮಾಜಿಗೆ ಹೋದರು, ಅವಳು ತಟ್ಟೆ ಹೊತ್ತಳು. ನಾನು ಬಿಳಿ ಮುಸುಕು ಹೊದ್ದು ಹತ್ತು ಹೆಜ್ಜೆ ಹಿಂದೆ ನಡೆದೆ. ಒಂದು ತಟ್ಟೆ ಕೊಟ್ಟು, ಮನೆಗೆ ಬಂದು, ಮತ್ತೊಂದು ಹೊತ್ತು ಹೀಗೆ. ಪ್ರತಿ ಬಾಗಿಲಲ್ಲೂ ನಾನು ಹೇಳಿಕೊಟ್ಟ ಮಾತೇ ಹೇಳಿದಳು, ಒಂದಕ್ಷರ ಕಡಿಮೆ ಇಲ್ಲ. ಮೂರನೇ ಮನೆಯಲ್ಲಿ ಖಮೀಸಾ, "ನೀನೆಲ್ಲಿ ನಮಗೆ ಹೇಳಿದ್ದೆ ಬೇಯಾ? ನಮಗೆ ಹೇಳಿದ್ದು ಶೆಲ್ಬಿಯಾ ಅಲ್ವಾ?" ಅಂದಳು. ಯಾರ ಬಾಯಿಂದ ಹೋದರೇನು, ಹುಟ್ಟಿದ್ದು ಇವಳ ಬಾಯಲ್ಲಿ ತಾನೇ?

ಏಳನೆಯ ಮನೆ. ಹಾಜ್ಜಾ ಶೆಲ್ಬಿಯಾ ತಾನೇ ಬಾಗಿಲಿಗೆ ಬಂದಳು. ಬೇಯಾ ಹೇಳಿದಳು. ಶೆಲ್ಬಿಯಾ ಅಲ್ಲೇ ಮೆಟ್ಟಿಲ ಮೇಲೆ ಕೂತು, ರೊಟ್ಟಿ ಮುರಿದು ಅದ್ದಿ ತಿಂದಳು. ಇನ್ನೊಂದು ಚೂರು. ಮತ್ತೂ ಒಂದು. ದೂಜಾ, ತಟ್ಟೆ ಒರೆಸಿ ತಿಂದಳು! ಆಮೇಲೆ ಬೀದಿಯಲ್ಲಿ ನಿಂತ ನನ್ನನ್ನು ನೋಡಿ, "ದೇವರು ಆ ಕೈಗೆ ಆಯುಸ್ಸು ಕೊಡಲಿ," ಅಂದಳು. ಬೇಯಾಳಿಗೆ ಅಂದದ್ದು ಬೇರೆ: "ನಿನ್ನ ಸುಳ್ಳು ನಂಬಿ ನಾನು ಅನ್ನ ವಾಪಸು ಕಳಿಸಿದೆ. ಆ ಪಾಪ ನನ್ನ ತಲೆ ಮೇಲೆ ಬಂತು. ಸುಳ್ಳಿಯ ಮಗಳು ನನ್ನ ಮನೆಗೆ ಬೇಡ."

ಖಾಲಿ ತಟ್ಟೆಯನ್ನು ಅವಳ ಕೈಗಿಟ್ಟು ಬಾಗಿಲು ಹಾಕಿದಳು.

ನನಗೆ ಹೊಟ್ಟೆ ತುಂಬಿತು. ಮಧ್ಯಾಹ್ನ ನಲವತ್ತು ಜನ ಕೂತು ತಿಂದರು, ಯಾರೂ ಮಾತಾಡಲಿಲ್ಲ. ಅದು ರುಚಿಗೋ ಸುದ್ದಿಗೋ ನಾನು ಕೇಳಲಿಲ್ಲ. ಸಲ್ವಾ ಬಡಿಸಿದಳು. ನನ್ನ ತಟ್ಟೆಗೂ ಬಡಿಸಿದಳು, "ಇನ್ನೊಂದು ಚೂರು ಮೀನು ಹಾಕಲಾ ದೊಡ್ಡಮ್ಮ?" ಅಂದಳು. ಹಾಕು ಅಂದೆ. ತಿನ್ನಲಿಲ್ಲ, ಅಷ್ಟು ಹೊತ್ತಿಗೆ ಸಾಕಾಗಿತ್ತು.

ನಿನ್ನ ಉಂಗುರದ ಮಾತಿಗೆ ಈ ಹಬ್ಬದಲ್ಲಿ ಉತ್ತರ ಸಿಕ್ಕಿತು. ನೀನು ಕೇಳಿರಲಿಲ್ಲ, ಗೊತ್ತು. ತಾಯಿಯಾದವಳು ಕೇಳಿದ್ದನ್ನಷ್ಟೇ ಕೊಡುತ್ತಾಳೆಯೇ?

ನಿನ್ನ ಅಕ್ಕ,
ತುರ್ಕಿಯಾ


ರಮ್ಲಾ
ಅಕ್ಟೋಬರ್ 27, 1974

ಅಕ್ಕ,

ಇದನ್ನು ಕೂತು ಓದು. ಭಾವನವರು ಹತ್ತಿರವಿದ್ದರೆ ಒಳ್ಳೆಯದು.

ಆ ಮಾತು ಬೇಯಾಳ ಬಾಯಲ್ಲಿ ಹುಟ್ಟಿದ್ದಲ್ಲ. ನನ್ನ ಬಾಯಲ್ಲಿ ಹುಟ್ಟಿದ್ದು.

ಆಗ ನನಗೆ ಹದಿನೇಳು. ನೂರಿಯಲ್ಲಿ ಯಾವ ಕೆಟ್ಟತನವೂ ಇರಲಿಲ್ಲ. ಆದರೆ ಮಬ್ರೂಕ ವಾರಕ್ಕೊಮ್ಮೆ ಹಡಗಿಳಿದು ನಮ್ಮ ಬೀದಿಗೆ ಆಕ್ಟೋಪಸ್ ಮಾರಲು ಬರುತ್ತಿದ್ದ. ಕೊಳ್ಳುವಾಗ ನೀನು ಅವನನ್ನು ಎಷ್ಟು ಬಯ್ಯುತ್ತಿದ್ದೆ, ಅವನು ನಗುತ್ತಾ ನಿಂತಿರುತ್ತಿದ್ದ. ನನಗೆ ಆ ನಗು ಬೇಕಾಗಿತ್ತು. ನಿನಗೆ ಹೇಳುವುದು ಹೇಗೆ? ಆ ಸಂಬಂಧಕ್ಕಾಗಿ ನೀನು ನಿನ್ನ ಬಳೆಗಳನ್ನೇ ನನ್ನ ಕೈಗೆ ಹಾಕಿದ್ದೆ. ನೀನು ಸಂತೋಷಪಟ್ಟದ್ದನ್ನು ಅದಕ್ಕೆ ಮೊದಲು ನಾನು ಕಂಡೇ ಇರಲಿಲ್ಲ.

ಬೇಯಾಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವರಾಗಿಯೇ ಬೇಡ ಅಂದರೆ ಅಕ್ಕನಿಗೆ ನನ್ನ ಮೇಲೆ ಬೇಜಾರಾಗುವುದಿಲ್ಲ, ಅಂದೆ. ಶೆಲ್ಬಿಯಾಳಿಗೆ ಉಪವಾಸದ ಮಡಿ ಹೆಚ್ಚು, ಅಕ್ಕ ರುಚಿ ನೋಡಿದಳು ಅಂತ ಅವಳ ಕಿವಿಗೆ ಮಾತ್ರ ಹಾಕು ಅಂದೆ. ಬೇಯಾ ಆಗುವುದಿಲ್ಲ ಅಂದಳು. ಎರಡು ಸಲ ಅಂದಳು. ಮೂರನೇ ಸಲ ನಾನು ಅವಳ ಅಂಗಳದ ಬಾವಿಕಟ್ಟೆಯ ಮೇಲೆ ಹತ್ತಿ ಕೂತೆ, ಆಗ ಹೂಂ ಅಂದಳು. ಅವಳು ಹೇಳಿದ್ದು ಒಂದೇ ಮನೆಗೆ. ಮಿಕ್ಕ ಆರು ಮನೆಗೆ ಒಯ್ದವಳು ಶೆಲ್ಬಿಯಾ. ಅಷ್ಟು ದೂರ ಹೋಗುತ್ತದೆಂದು ನಮಗಿಬ್ಬರಿಗೂ ತೋಚಿರಲಿಲ್ಲ.

ಏಳು ತಟ್ಟೆ ವಾಪಸು ಬಂದ ದಿನ ಬೇಯಾ ನಿನಗೆ ಎಲ್ಲ ಹೇಳುತ್ತೇನೆಂದು ಹೊರಟಿದ್ದಳು. ನಾನು ತಡೆದೆ. ಆಮೇಲೆ ಮಬ್ರೂಕ ಬಂದು ಕೇಳಿದ, ನೀನು ಅಳುತ್ತಾ ಕೊಟ್ಟೆ, ನಾನು ನಗು ಬಂದೀತೆಂದು ಮುಸುಕು ಹಾಕಿಕೊಂಡು ನಿಂತೆ.

ಪ್ರತಿ ವರ್ಷ ಹೇಳಬೇಕೆಂದುಕೊಂಡೆ. ನೀನು ಅವಳನ್ನು ಶಪಿಸುವುದನ್ನು ಕೇಳಿದಾಗಲೆಲ್ಲ, ಅಷ್ಟೂ ನನ್ನ ತಲೆಯ ಮೇಲೆ ಬೀಳಬೇಕಾದದ್ದು ಅನ್ನಿಸಿ ಹೆದರಿದೆ. ಈಗ ಸಲ್ವಾಳ ಮದುವೆ ನಿಂತಿದೆ. ಇನ್ನು ಬಾಯಿ ಮುಚ್ಚಿಕೊಂಡಿರಲಾರೆ. ಅವಳು ಏಳು ಬಾಗಿಲಲ್ಲಿ ನಿಂತಳು, ಒಂದು ಬಾಗಿಲಲ್ಲೂ ನನ್ನ ಹೆಸರು ಹೇಳಲಿಲ್ಲ.

ಏನು ಶಿಕ್ಷೆ ಕೊಟ್ಟರೂ ಸರಿ. ಉತ್ತರ ಬರೆ. ಬಯ್ದಾದರೂ ಬರೆ.

ದೂಜಾ


ರಮ್ಲಾ
ನವೆಂಬರ್ 8, 1974

ಅಕ್ಕ, ಹಡಗು ಬಂದಾಗಲೆಲ್ಲ ದಡಕ್ಕೆ ಹೋಗಿ ನಿಲ್ಲುತ್ತಿದ್ದೇನೆ. ಬರೆ.

ದೂಜಾ


ಸ್ಫಾಕ್ಸ್
ನವೆಂಬರ್ 17, 1974

ದೂಜಾ,

ಹದಿನಾರು ವರ್ಷ ನೀನು ಸುಮ್ಮನಿದ್ದೆ, ನಾನು ಮೂರು ವಾರ ಸುಮ್ಮನಿದ್ದರೆ ಸಹಿಸಲಾಗಲಿಲ್ಲವೇ?

ನಿನ್ನ ಕಾಗದ ಓದಿ ಮೊದಲ ವಾರ ನಾನು ಒಲೆಯನ್ನೇ ಹಚ್ಚಲಿಲ್ಲ. ತಿಜಾನಿ ಅಂಗಡಿಯಿಂದ ತಂದದ್ದನ್ನು ತಿಂದೆವು. ಎರಡನೇ ವಾರ ಮೂರು ಬಾಗಿಲು ದಾಟಿ ಬೇಯಾಳ ಮನೆಗೆ ಹೋದೆ. ಈ ಸಲ ಅವಳು ಕೇಳಿದಳು, "ಯಾರು ಹೋದರು?"

"ದೂಜಾ ಕಾಗದ ಬರೆದಿದ್ದಾಳೆ," ಅಂದೆ.

ಕೂತಳು. ನಾನೂ ಕೂತೆ. ಇಬ್ಬರ ಕಣ್ಣೂ ಆ ಬಾವಿಕಟ್ಟೆಯ ಮೇಲೆಯೇ ಹೋಯಿತು.

"ಯಾಕೆ ಹೇಳಲಿಲ್ಲ?" ಅಂದೆ. "ನಾನು ಏಳು ಮನೆ ಸುತ್ತಿಸಿದಾಗಲಾದರೂ?"

"ನಿನಗೆ ಮಕ್ಕಳಿಲ್ಲ ಅಕ್ಕ. ಇದ್ದವಳು ಅವಳೊಬ್ಬಳು. ನನ್ನ ಮೇಲೆ ಸಿಟ್ಟಿದ್ದರೆ ನಿನಗೆ ಏನು ಕಮ್ಮಿ ಆಗ್ತಿತ್ತು? ಅವಳ ಮೇಲೆ ಬಂದಿದ್ದರೆ ಯಾರಿಗೆ ಕಾಗದ ಬರೀತಿದ್ದೆ?" ಅಂದಳು. ಆಮೇಲೆ, "ಇದನ್ನ ಕ್ಷಮೆ ಅಂದ್ಕೋಬೇಡ. ನಿನ್ನನ್ನ ನಾನು ಕ್ಷಮಿಸಿಲ್ಲ. ಮದುವೆ ನಿಲ್ಲದೇ ಹೋಗಿದ್ದರೆ ನೋಡಬಹುದಿತ್ತು."

ನ್ಯಾಯ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಾಗಿಲನ್ನೇ ತೆಗೆಯುತ್ತಿರಲಿಲ್ಲ.

ನಾನು ಎದ್ದಾಗ ಕೇಳಿದಳು: "ಒಂದು ಮಾತು ಕೇಳ್ತೀನಿ, ಬಯ್ಯಬೇಡ. ಆ ವರ್ಷ ನಿಜವಾಗ್ಲೂ ರುಚಿ ನೋಡಿರಲಿಲ್ವಾ?"

"ಬೇಯಾ!"

"ಇಲ್ಲ, ಅಷ್ಟು ಚೆನ್ನಾಗಿತ್ತಲ್ಲ, ಅದಕ್ಕೆ ಕೇಳಿದೆ."

ಅಲ್ಲಿಂದ ನೇರ ಹಾಜ್ಜಾ ಶೆಲ್ಬಿಯಾಳ ಮನೆಗೆ ನಡೆದೆ. ಭಾರಿ ಮರ್ಯಾದೆಯಿಂದ ಕೂರಿಸಿದಳು, ಬಾದಾಮಿ ಪಾನಕ ಕೊಟ್ಟಳು. ಕುಡಿಯಲಿಲ್ಲ.

"ಹದಿನಾರು ವರ್ಷದ ಹಿಂದೆ ನೀವು ನನ್ನ ತಟ್ಟೆ ವಾಪಸು ಕಳಿಸಿದಿರಿ ಅಂತ ಅಂದ್ಕೊಂಡಿದ್ದೆ ಹಾಜ್ಜಾ," ಅಂದೆ. "ಈಗ ಗೊತ್ತಾಯ್ತು. ವಾಪಸು ಬಂದದ್ದು ತಟ್ಟೆ ಅಲ್ಲ, ನಿಮ್ಮ ಮಗ."

"ಏನಂದೆ?"

"ನನ್ನ ತಂಗಿಗೆ ನಿಮ್ಮ ನೂರಿ ಬೇಡವಾಗಿದ್ದ. ಬಟ್ಟೆ ಅಂಗಡಿ, ಎರಡು ಅಂತಸ್ತಿನ ಮನೆ, ನೀವು, ಯಾವುದೂ ಬೇಡವಾಗಿತ್ತು. ಆಕ್ಟೋಪಸ್ ಹಿಡಿಯೋ ಹುಡುಗ ಸಾಕು ಅಂದಳು. ನೇರವಾಗಿ ಹೇಳಿದರೆ ನಿಮಗೆ ಅವಮಾನ ಅಂತ ಬೇಯಾ ಒಂದು ಸುಳ್ಳು ಹೇಳಿದಳು. ಆ ಸುಳ್ಳನ್ನ ಹೊತ್ಕೊಂಡು ಆರು ಮನೆ ತಿರುಗಿದವರು ನೀವು."

ಅವಳ ಕೈಯ ಬೀಸಣಿಗೆ ನಿಂತಿತು. "ಇದು ಯಾರ್ಯಾರಿಗೆ ಗೊತ್ತು?"

"ಸದ್ಯಕ್ಕೆ ನಾಲ್ಕು ಜನಕ್ಕೆ. ನೀವು ಐದನೆಯವರು."

"ಉಳಿದ ಮನೆಗಳಿಗೆ?"

"ಆ ಮನೆಗಳ ದಾರಿ ನನಗೆ ಈಗ ಚೆನ್ನಾಗಿ ಗೊತ್ತು ಹಾಜ್ಜಾ. ಹೋದ ತಿಂಗಳು ತಾನೇ ಒಂದು ಸುತ್ತು ಹಾಕಿದ್ದೀನಿ."

ಬೀಸಣಿಗೆ ಮತ್ತೆ ಆಡಿತು. ಗೋಡೆಗೆ ಹೇಳುವಂತೆ ಹೇಳಿದಳು: "ಸಲ್ವಾ ಒಳ್ಳೇ ಹುಡುಗಿ."

"ನಾನೂ ಅದನ್ನೇ ಹೇಳೋಣ ಅಂತ ಬಂದೆ."

ಡಿಸೆಂಬರ್ ಕೊನೆಯ ಗುರುವಾರ ಮದುವೆ. ಎದ್ದು ಬರುವ ಮೊದಲು ಆ ಬಾದಾಮಿ ಪಾನಕ ಕುಡಿದೆ, ಸಕ್ಕರೆ ಜಾಸ್ತಿಯಾಗಿತ್ತು, ಅದನ್ನೂ ಹೇಳಿಯೇ ಬಂದೆ. ಹದಿನಾರು ವರ್ಷ ತಪ್ಪು ಬಾಗಿಲಿಗೆ ಮುಖ ಮಾಡಿ ಹಲ್ಲು ಕಡಿದಿದ್ದೆ. ಸರಿಯಾದ ಬಾಗಿಲು ಸಿಕ್ಕಿದ ದಿನದ ಸುಖವೇ ಬೇರೆ.

ಬೇಯಾಳಿಗೆ ಸುದ್ದಿ ಹೇಳಿದಾಗ ಅಳಲಿಲ್ಲ, ಕೈಹಿಡಿಯಲಿಲ್ಲ. "ಮದುವೆ ಊಟ ನೀನೇ ಮಾಡು," ಅಂದಳು. "ನಾನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ತಪ್ಪು ಹುಡುಕ್ತೀನಿ. ಏಳು ಮನೆ ತಿರುಗಿದ ಕಾಲು ಇನ್ನೂ ನೋಯ್ತಿದೆ." ಒಪ್ಪಿದ್ದೇನೆ. ಇನ್ನೂರು ಜನರ ಕುಸ್ಕುಸ್, ಹನ್ನೆರಡು ಕುರಿ, ನಿಮ್ಮ ದ್ವೀಪದ ಒಣ ಆಕ್ಟೋಪಸ್ ಎರಡು ಬುಟ್ಟಿ. ಅವಳು ಈಗಲೇ ತಪ್ಪು ಹುಡುಕಲು ಶುರು ಮಾಡಿದ್ದಾಳೆ, ಕುರಿ ಹತ್ತು ಸಾಕಂತೆ.

ಈಗ ನಿನ್ನ ವಿಷಯ. ಮಬ್ರೂಕನಿಗೆ ಹೇಳು, ಅವನ ಮೇಲೆ ನನಗೇನೂ ಇಲ್ಲ. ಅಂದು ಬೀದಿಯಲ್ಲಿ ನಾನು ಬಯ್ದದ್ದು ಆಕ್ಟೋಪಸ್ಸಿಗೆ, ಅವನಿಗಲ್ಲ. ನೀನು ಮದುವೆಗೆ ಎರಡು ವಾರ ಮೊದಲೇ ಹಡಗು ಹತ್ತು, ಮಕ್ಕಳನ್ನೂ ಕರೆದುಕೊಂಡು ಬಾ. ನೀನು ಬಂದ ಮೇಲೆ ಮೂರು ದಿನ ನಾನು ನಿನ್ನ ಜೊತೆ ಒಂದು ಮಾತೂ ಆಡುವುದಿಲ್ಲ. ನಾಲ್ಕನೇ ದಿನ ಆಡುತ್ತೇನೆ. ಆ ಮೂರು ದಿನವೇ ಚೆನ್ನಾಗಿತ್ತು ಎಂದು ನಿನಗೆ ಆಗ ಅನ್ನಿಸುತ್ತದೆ.

ತುರ್ಕಿಯಾ